ನೀರಿಲ್ಲದ ಶುಕ್ರವಾರ

ಬ್ಲಾಗು ಬರೆಯುವವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿಲ್ಲ. ಬೆಳಿಗ್ಗೆ ತಿಂದ ದೋಸೆಯ ಸುದ್ದಿಯನ್ನು ಮಧ್ಯಾಹ್ನದೊಳಗೆ ಲೋಕಕ್ಕೆಲ್ಲ ಹೇಳದಿದ್ದರೆ ಅವರಿಗೆ ಅದು ಅರಗುವುದಿಲ್ಲ. ಈ ಕೊಲ್ಲಿ ದೇಶದ ಈಸಾ ಟೌನಿನ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ವ್ಯಾಯಾಮ ಶಿಕ್ಷಕನಾಗಿದ್ದ ನಾನು ಬರೆದದ್ದು ಎರಡೇ: ಹಾಜರಿ ಪುಸ್ತಕ ಮತ್ತು ತಡವಾಗಿ ಬಂದವರ ಪಟ್ಟಿ. ಅರುವತ್ತಾರರ ವಯಸ್ಸಿನಲ್ಲಿ ಬ್ಲಾಗು ಶುರುಮಾಡಿದ್ದು ಮಗಳಿಗಾಗಿ.

ಅವಳು ಸೀಫ್ ಬಡಾವಣೆಯ ಬ್ಯಾಂಕಿನ ಕೆಲಸ ಬಿಟ್ಟು ಪ್ಯಾಡಲ್‌ಬೋರ್ಡ್ ಶಾಲೆ ತೆರೆದಿದ್ದಳು. ಉದ್ದನೆಯ ಹಲಗೆಯ ಮೇಲೆ ನೆಟ್ಟಗೆ ನಿಂತು, ಒಂದೇ ಹುಟ್ಟಿನಿಂದ ನೀರು ತಳ್ಳುತ್ತ ಸಾಗುವುದನ್ನು ಕಲಿಸುವ ಶಾಲೆ. ಈ ಚಳಿಗಾಲ ಮುಗಿಯುವುದರೊಳಗೆ ಅದು ನೆಲೆಯೂರದಿದ್ದರೆ ಮತ್ತೆ ಬ್ಯಾಂಕಿನ ಬಾಗಿಲು ತಟ್ಟಬೇಕಿತ್ತು. ಇಲ್ಲಿರುವ ನಮ್ಮ ಕರಾವಳಿಯವರಲ್ಲಿ ಹೆಚ್ಚಿನವರಿಗೆ ಸಮುದ್ರವೆಂದರೆ ಮೀನು ಸಿಗುವ ಜಾಗ, ಅಷ್ಟೆ. ಕನ್ನಡದಲ್ಲಿ ಬರೆದರೆ ಅವರು ಓದುತ್ತಾರೆ, ಕೆಳಗೆ ನಿಮ್ಮ ಹೆಸರಿದ್ದರೆ ನಂಬುತ್ತಾರೆ ಎಂದಳು ಮಗಳು. ಅವರಲ್ಲಿ ಅರ್ಧ ಜನರ ಮಕ್ಕಳನ್ನು ನಾನು ಮೈದಾನದಲ್ಲಿ ಓಡಿಸಿದ್ದೆ.

ಮೊದಲ ಬರಹವನ್ನು ಜಿಂಜ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಗಂಟೆಯಲ್ಲಿ ಮುಗಿಸಿದೆ. ಲೈಫ್ ಜಾಕೆಟ್ ಕಡ್ಡಾಯ. ಕಾಲಿಗೂ ಹಲಗೆಗೂ ಹಗ್ಗ ಕಡ್ಡಾಯ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಮಗಳು ಓದಿದಳು. “ಪಪ್ಪ, ಇದು ಜೈಲಿನ ನೋಟೀಸಿನ ಹಾಗೆ ಉಂಟು.”

ಅವಳು ತಿದ್ದಿದ ಮೇಲೆ ಅದರಲ್ಲಿ ನನ್ನದೆಂದು ಉಳಿದದ್ದು ಹೆಸರು ಮಾತ್ರ. ಸೂರ್ಯನಿಗೆ ಸಮುದ್ರದ ಮೇಲೆ ನಿಂತು ಶುಭೋದಯ ಹೇಳೋಣ ಬನ್ನಿ, ಎಂದು ನಾನು ಜನರನ್ನು ಕರೆಯುತ್ತಿದ್ದೆ. ಮೇಲೊಂದು ಫೋಟೋ: ಎರಡೂ ಕೈ ಚಾಚಿ ನಿಂತ ಹುಡುಗಿ, ಜಾಕೆಟ್ ಇಲ್ಲ, ಹಗ್ಗವೂ ಇಲ್ಲ. ಜಾಕೆಟ್ ಹಾಕಿದರೆ ಫೋಟೋದಲ್ಲಿ ದಪ್ಪ ಕಾಣುತ್ತಾರಂತೆ. ಮೊದಲ ತರಗತಿ ಶುಕ್ರವಾರ ಸೂರ್ಯೋದಯಕ್ಕೆ ಸರಿಯಾಗಿ.

ಆ ಶುಕ್ರವಾರ ಸೂರ್ಯೋದಯದ ಹೊತ್ತಿಗೆ ಪೂರ್ಣ ಇಳಿತ. ಇಲ್ಲಿಯ ಕಡಲು ನಮ್ಮೂರಿನ ಕಡಲಿನಂತಲ್ಲ. ದಡದಿಂದ ಬಹುದೂರದವರೆಗೆ ಮೊಣಕಾಲುದ್ದವೇ ನೀರು. ಇಳಿತ ಬಂದರೆ ಅದೂ ಹಿಂದೆ ಸರಿದು ಬರೀ ಕೆಸರು. ನೀರಿನ ಸಮಯ ನೋಡಿ ಹೇಳುವುದು ಶಾಲೆ ತೆರೆದ ದಿನದಿಂದ ನನ್ನ ಕೆಲಸ. ನಾನು ಏನೂ ಹೇಳದಿದ್ದರೆ ಎಲ್ಲ ಸರಿಯಿದೆ ಎಂದೇ ಮಗಳ ಲೆಕ್ಕ. ನಾನು ಉಬ್ಬರವಿಳಿತದ ಪಟ್ಟಿ ನೋಡಿದೆ, ಬ್ಲಾಗು ನೋಡಿದೆ, ಸುಮ್ಮನಾದೆ. ಫೋಟೋ ನೋಡಿ ಬರುವ ಜನ ಬರಲಿ, ಕಣ್ಣಾರೆ ಕಾಣಲಿ ಎಂದುಕೊಂಡೆ. ಬಾಯಿ ಬಿಡಲು ಐದು ದಿನವಿತ್ತು.

ಇಪ್ಪತ್ತು ಮಂದಿ ಬಂದರು. ಒಬ್ಬರು ಸೂರ್ಯ ಹುಟ್ಟುವ ಮೊದಲೇ ಕಪ್ಪು ಕನ್ನಡಕ ಹಾಕಿದ್ದರು. ಎದುರಿಗೆ ಕೆಸರು, ಪಾಚಿ, ಅವಸರದಲ್ಲಿ ಓಡುವ ಏಡಿಗಳು. ಮಗಳ ಮುಖ ನಾನು ನೋಡಲಿಲ್ಲ.

“ಸರ್, ಬೋರ್ಡಿಗೆ ಚಕ್ರ ಉಂಟಾ?” ಎಂದರು ಕನ್ನಡಕದವರು.

ಎಲ್ಲರೂ ನಕ್ಕರು. ಆಮೇಲೆ ಹಲಗೆಗಳನ್ನು ಕೆಸರಿನ ಮೇಲಿಟ್ಟು, ಕೆಸರು ಕಾಣದ ಹಾಗೆ ಕ್ಯಾಮೆರಾ ಹಿಡಿದು, ಸರದಿಯಲ್ಲಿ ನಿಂತು ಕೈ ಚಾಚಿದರು. ಅರ್ಧ ಗಂಟೆಯಲ್ಲಿ ಅವರಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು, ತಿಂಡಿಗೆ ಹೊರಟರು. ಸಮುದ್ರ ಇಲ್ಲವೆಂಬುದು ಅವರಿಗೆ ಕೊರತೆಯೇ ಆಗಲಿಲ್ಲ. ಇಂಥವರಿಗೆ ಪಾಠ ಕಲಿಸಲು ನಾನು ಹೊರಟಿದ್ದೆ.

ಒಬ್ಬಾಕೆ ಮಾತ್ರ ಹೋಗಲಿಲ್ಲ. ಕಾಲು ಗಂಟೆ ಮೊದಲೇ ಬಂದಿದ್ದ ನರ್ಸ್. ಕೂದಲು ಬಿಗಿಯಾಗಿ ಕಟ್ಟಿ, ಜಾಕೆಟ್ಟಿನ ಮೂರೂ ಬಕಲ್ ಹಾಕಿ, ಹಗ್ಗವನ್ನು ಕಾಲಿಗೆ ಸರಿಯಾಗಿ ಸುತ್ತಿಕೊಂಡಿದ್ದರು. ನನ್ನ ತರಗತಿಯಲ್ಲಿದ್ದರೆ ಮೊದಲ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ. ನೀರು ಯಾವಾಗ ಬರುತ್ತದೆ ಎಂದು ಕೇಳಿದರು. ಹಲಗೆ ತೇಲಬೇಕಾದರೆ ಹತ್ತು ಗಂಟೆಯಾಗಬಹುದು ಎಂದೆ.

“ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದದ್ದು ಸರ್. ಹತ್ತರವರೆಗೆ ಕೂತರೆ ಇಲ್ಲಿಯೇ ಮಲಗಿಬಿಡ್ತೇನೆ,” ಎಂದು ಬಕಲ್ ಬಿಚ್ಚತೊಡಗಿದರು. “ನನಗೆ ನೀರೆಂದರೆ ಹೆದರಿಕೆ. ನೀವು ಬರೆದದ್ದು ಅಂತ ಧೈರ್ಯ ಮಾಡಿದ್ದೆ.”

ಅವರ ಕಾರು ಹೋದ ಮೇಲೆ ಮಗಳು ಹತ್ತಿರ ಬಂದಳು.

“ಪಪ್ಪ, ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಿಮ್ಮ ಶಾಲೆಯ ಮಕ್ಕಳಿಗೆ ಹೀಗೆ ಮಾಡ್ತಿದ್ದಿರಾ?”

ಇಲ್ಲ ಎಂದೆ. ಅವಳು ಹಲಗೆಗಳ ಕೆಸರು ತೊಳೆಯಲು ಹೋದಳು. ನಾನೂ ಒಂದು ಬಟ್ಟೆ ತೆಗೆದುಕೊಂಡೆ. ಏಳು ಹಲಗೆಗಳನ್ನೂ ಇಬ್ಬರೂ ತೊಳೆದು ಮುಗಿಸಿದೆವು.

ಎರಡನೆಯ ಬರಹವನ್ನು ಅಂದು ಮಧ್ಯಾಹ್ನವೇ ಬರೆದೆ. ನೀರಿರಲಿಲ್ಲ, ಇರುವುದಿಲ್ಲವೆಂದು ನನಗೆ ತಿಳಿದಿತ್ತು, ಬಂದವರನ್ನು ಹೀಯಾಳಿಸುವ ಆಸೆಯಿಂದ ಹೇಳದೆ ಬಿಟ್ಟೆ, ಮಗಳ ತಪ್ಪಿಲ್ಲ. ಅವಳು ಓದಿ, ಒಂದಕ್ಷರ ತಿದ್ದದೆ ಹಾಕಿದಳು. ಸಂಜೆಯೊಳಗೆ ಅದರ ಕೆಳಗೆ ಕೆಂಪು ಹೃದಯಗಳ ರಾಶಿ. ಎಷ್ಟು ಚಂದ ಬರೆದಿದ್ದೀರಿ ಸರ್, ಕಣ್ಣು ತುಂಬಿ ಬಂತು ಸರ್. ಕನ್ನಡಕದವರು ಮುಂದಿನ ಶುಕ್ರವಾರಕ್ಕೆ ಆರು ಜನರ ಹೆಸರು ಕೊಟ್ಟರು. ಕ್ಷಮಾಪಣೆಯನ್ನೂ ದೋಸೆಯ ಹಾಗೆ ಸವಿಯಬಲ್ಲ ಜನ. ಶಾಲೆ ನಡೆಯುವುದಿದ್ದರೆ ಅವರಿಂದಲೇ ನಡೆಯಬೇಕು.

ನರ್ಸ್ ಏನೂ ಬರೆಯಲಿಲ್ಲ. ಎರಡು ದಿನ ಕಾದು ಫೋನ್ ಮಾಡಿದೆ. ತಮ್ಮ ಹೆಸರು ತೆಗೆದುಬಿಡಿ ಎಂದರು, ಸಿಟ್ಟಿಲ್ಲದೆ. ಉಬ್ಬರವಿಳಿತದ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅವರಿಗೆ ಬಿಡುವಿರುವ ದಿನಗಳನ್ನು ಕೇಳಿದೆ. ನಾನು ಪೆನ್ನು ಹಿಡಿದು ಕಾದೆ.