ಮೊದಲು ಅತ್ತೆ, ಆಮೇಲೆ ಜಪಾನು

ವರ್ಷದ ಕೊನೆ ಬಂತೆಂದರೆ ಮಿತ್ಸುಯೊಗೆ ಮೋಚಿಯ ಭಯ ಶುರುವಾಗುತ್ತಿತ್ತು. ಅಂಟಕ್ಕಿ ಕುಟ್ಟಿ ಮಾಡಿದ ಆ ಬಿಳಿ ಮುದ್ದೆ ಮುದುಕರ ಗಂಟಲಲ್ಲಿ ಕೂತು ಪ್ರಾಣ ತೆಗೆದ ಸುದ್ದಿ ಪ್ರತಿ ಹೊಸವರ್ಷಕ್ಕೂ ರೇಡಿಯೋದಲ್ಲಿ ಬರುತ್ತದೆ. ಆದರೂ ಉತ್ತರ ಜಪಾನಿನ ಅಕಿತಾದ ಹಿಮದೂರುಗಳಲ್ಲಿ ಮೋಚಿ ಇಲ್ಲದೆ ಹೊಸವರ್ಷವಿಲ್ಲ. ಅತ್ತೆ ಕಿಕುನೊಗಂತೂ ಅದನ್ನು ಸಣ್ಣಗೆ ಕತ್ತರಿಸಿ ಕೊಟ್ಟರೆ ಸಿಟ್ಟು ನೆತ್ತಿಗೇರುತ್ತಿತ್ತು.

"ನಾನೇನು ಹಕ್ಕೀನಾ, ಚೂರು ಮಾಡಿ ಹಾಕೋಕೆ? ನಿನ್ನ ಮಾವ ಇದ್ದಾಗಿಂದ ಇಡೀದೇ ತಿಂದಿದೀನಿ."

"ಆಗ ನಿಮಗೆ ಹಲ್ಲಿತ್ತು, ಅತ್ತೆ."

"ಈಗ ನಿನಗೆ ಬಾಯಿ ಬಂದಿದೆ!"

ಆ ಮನೆಯಲ್ಲಿ ಮಿತ್ಸುಯೊ ಒಬ್ಬಳೇ ಕ್ರೈಸ್ತಳು. ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡ ಚಳಿಗಾಲದಲ್ಲಿ, ಪೇಟೆಯ ಗಡಿಯಾರದಂಗಡಿಯ ಮಹಡಿಯಲ್ಲಿದ್ದ ಪುಟ್ಟ ಚರ್ಚಿಗೆ ಹೋಗತೊಡಗಿದ್ದಳು. ಗಂಡ ತೇಯ್ಜಿ "ನಿನ್ನಿಷ್ಟ" ಎಂದು ಸುಮ್ಮನಾದ. ಅತ್ತೆ ಸುಮ್ಮನಾಗುವ ಪೈಕಿ ಅಲ್ಲ. ಸೊಸೆ ಊಟಕ್ಕೆ ಮುಂಚೆ ತಲೆ ತಗ್ಗಿಸಿದರೆ ಸಾಕು, ಮಾತಿನ ಬಾಣ ಬರುತ್ತಿತ್ತು.

"ನಿನ್ನ ದೇವರಿಗೆ ಕಿವಿ ಮಂದವೇನೇ? ನಮ್ ಬುದ್ಧ ನೋಡು, ಒಂದ್ಸಲ ಗಂಟೆ ಬಡಿದ್ರೆ ಕೇಳಿಸ್ಕೋತಾನೆ."

ಆ ವರ್ಷದ ಕೊನೆಯ ಭಾನುವಾರ ಪಾಸ್ಟರು ಒಂದು ಮಾತು ಹೇಳಿ ಕಳಿಸಿದ್ದರು: ರಜೆಯಲ್ಲಿ ನಮ್ಮ ಜಪಾನಿನ ಜನಕ್ಕಾಗಿ ಪ್ರಾರ್ಥಿಸಿ. ಊರಿಗೆ ಹೊರಟವರು, ಹೋಗಲು ಊರೇ ಇಲ್ಲದವರು, ಒಂಟಿ ಕೋಣೆಯಲ್ಲಿ ಹಬ್ಬ ಕಳೆಯುವವರು, ಯಾರನ್ನೂ ಬಿಡಬೇಡಿ.

ಹೊಸವರ್ಷದ ಬೆಳಿಗ್ಗೆ ತೇಯ್ಜಿ ಊರ ದೇಗುಲಕ್ಕೆ ಹೋಗಿದ್ದ. ಅತ್ತೆ ಸೊಸೆ ಇಬ್ಬರೇ ರಜಾಯಿ ಹೊದಿಸಿದ ಬೆಚ್ಚನೆ ಮೇಜಿನ ಕೆಳಗೆ ಕಾಲು ತೂರಿಸಿ ಕುಳಿತರು. ಅತ್ತೆಯ ಸಾರಿನ ಬಟ್ಟಲಿಗೆ ಮೋಚಿಯ ಚೂರುಗಳನ್ನು ಹಾಕಿ, ತನ್ನ ಬಟ್ಟಲಿಗೆ ಇಡೀದನ್ನು ಹಾಕಿಕೊಂಡು ಮಿತ್ಸುಯೊ ಕಣ್ಣು ಮುಚ್ಚಿದಳು.

ಪ್ರಾರ್ಥನೆ ಉದ್ದವಾಯಿತು. ಅದರಲ್ಲಿ ರೈಲಿನಲ್ಲಿದ್ದವರು ಬಂದರು, ಆಸ್ಪತ್ರೆಯ ನರ್ಸುಗಳು ಬಂದರು, ಹಿಮ ಸರಿಸಲು ಚಾವಣಿ ಹತ್ತಿದವರು ಬಂದರು.

"ಶುರುವಾಯ್ತಪ್ಪಾ," ಎಂದಳು ಅತ್ತೆ.

ಮಿತ್ಸುಯೊ ಬಿಡಲಿಲ್ಲ. ಒಂಟಿ ಕೋಣೆಯವರ ಬಳಿ ಬಂದಾಗ ಅವಳಿಗೆ ಹೊಳೆಯಿತು: ಇಷ್ಟು ಹೊತ್ತಿಗೆ ಎರಡನೆಯ ಚುಚ್ಚುಮಾತು ಬರಬೇಕಿತ್ತು. ಬಂದಿರಲಿಲ್ಲ.

ಕಣ್ಣು ತೆರೆದಳು. ಅವಳ ಬಟ್ಟಲಿನ ಮೋಚಿ ಮಾಯವಾಗಿತ್ತು. ಕಿಕುನೊ ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಿದ್ದಳು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು, ಕಣ್ಣು ಸೊಸೆಯ ಮೇಲೇ ನೆಟ್ಟಿತ್ತು. ಎಷ್ಟು ಹೊತ್ತಿನಿಂದ ಹಾಗೆ ನೋಡುತ್ತಿದ್ದಳೋ.

ಮಿತ್ಸುಯೊ ರಜಾಯಿ ಕಿತ್ತೊಗೆದು ಎದ್ದಳು. ಮೇಜು ದಾಟಿ, ಬಟ್ಟಲು ಉರುಳಿಸಿ, ಅತ್ತೆಯನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಮತ್ತೆ ಗುದ್ದಿದಳು. ಅಷ್ಟೊಂದು ಪ್ರಾರ್ಥನೆ ಗೊತ್ತಿದ್ದವಳಿಗೆ ಆಗ ದೇವರ ಹೆಸರೂ ನೆನಪಾಗಲಿಲ್ಲ, "ಅತ್ತೆ, ಅತ್ತೆ" ಎಂದಷ್ಟೇ ಬಂತು. ಕೊನೆಗೆ ಬಿಳಿ ಮುದ್ದೆ ಚಾಪೆಯ ಮೇಲೆ ಬಿತ್ತು. ಮುದುಕಿ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಾ ಉಸಿರೆಳೆದುಕೊಂಡಳು.

ಮಿತ್ಸುಯೊ ಉರುಳಿದ ಬಟ್ಟಲನ್ನು ನೆಟ್ಟಗಿಟ್ಟು, ಚೆಲ್ಲಿದ ಸಾರು ಒರೆಸಿದಳು.

"ನಿನ್ನ ರೇಗಿಸೋಣಾಂತ ಕದ್ದೆ ಕಣೇ," ಎಂದಳು ಕಿಕುನೊ, ಉಸಿರು ಮರಳಿದ ಮೇಲೆ. "ಈಗ ಕಣ್ಣು ಬಿಡ್ತಾಳೆ, ಈಗ ಬಿಡ್ತಾಳೆ ಅಂತ ನೋಡ್ತಾನೇ ಇದ್ದೆ. ಆಗ ಯಾರಿಗೋಸ್ಕರ ಬೇಡ್ಕೋತಿದ್ದೆ? ನನಗೋಸ್ಕರಾನಾ?"

ಮಿತ್ಸುಯೊ ಸುಳ್ಳು ಹೇಳಬಹುದಿತ್ತು.

"ಜಪಾನಿನ ಜನಕ್ಕೆಲ್ಲ, ಅತ್ತೆ. ನಿಮ್ಮ ಹೆಸರು ಇನ್ನೂ ಬಂದಿರಲಿಲ್ಲ."

"ಯಾವಾಗ ಬರ್ತಿತ್ತು?"

"ಕೊನೇಲಿ."

ಕಿಕುನೊ ಚಾಪೆಯ ಮೇಲೆ ಬಿದ್ದಿದ್ದ ಮುದ್ದೆಯನ್ನು ಎತ್ತಿ ಬಟ್ಟಲಿಗೆ ಹಾಕಿದಳು. ಬೈದಿದ್ದರೆ ವಾಸಿಯಿತ್ತು. ಆ ಹೆಸರು ಕೊನೆಗೆ ಬಿದ್ದದ್ದು ಮರೆವಿನಿಂದಲ್ಲ, ಬೇಕೆಂದೇ ಎಂಬುದು ಮಿತ್ಸುಯೊಗೆ ಗೊತ್ತಿತ್ತು. ಮೋಚಿಯ ಭಯದ ಪಕ್ಕದಲ್ಲಿ, ತನ್ನ ಬಗ್ಗೆಯೇ ಒಂದು ಭಯ ಬಂದು ಕೂತಿತು.

ಈಗಲೂ ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ಅವಳೊಬ್ಬಳು ತೆರೆದುಕೊಂಡಿರುತ್ತಾಳೆ.

ಮುಂದಿನ ಹೊಸವರ್ಷ ಕಿಕುನೊ ತಾನೇ ಕತ್ತರಿ ಹಿಡಿದು ಮೋಚಿಯನ್ನು ಚೂರು ಮಾಡಿಕೊಂಡಳು. ಸೊಸೆ ಕೈ ಜೋಡಿಸಿದಳು. ಅವಳ ದೃಷ್ಟಿ ಅತ್ತೆಯ ಗಂಟಲಿನಿಂದ ಕದಲಲಿಲ್ಲ.

ಮುದುಕಿ ಊಟದ ಕಡ್ಡಿಗಳನ್ನು ಕೆಳಗಿಟ್ಟು ಕಾದು ಕುಳಿತಳು.

"ಹೂಂ, ಶುರು ಮಾಡು. ಮೊದಲು ನಂದು. ಆಮೇಲೆ ಜಪಾನು."