ಮುಚ್ಚಿಟ್ಟ ಗಂಟು

ಯಾದಗಿರಿಯ ಒಂದು ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತಿದ್ದೆ. ಕ್ಯಾನ್ಸರ್ ಆದ ಹೆಂಗಸರು ಅದನ್ನು ಮನೆಯವರಿಂದ ಏಕೆ ಮುಚ್ಚಿಡುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ಶಹಾಪುರ, ಸುರಪುರ ಕಡೆಯ ಹಳ್ಳಿಗಳಿಂದ ಕಲಬುರಗಿಯ ಕ್ಯಾನ್ಸರ್ ದವಾಖಾನೆಗೆ ಬಂದವರ ಪಕ್ಕ ಕೂತು ಕೇಳಿದ್ದನ್ನೇ ಬರೆಯುತ್ತಿದ್ದೆ. ಅದರಲ್ಲೊಂದು ಲೇಖನ ಹೇಗೋ ದೂರ ಹೋಯಿತು. ಬೇರೆ ದೇಶದವರು ತಮ್ಮ ಬರಹಗಳಲ್ಲಿ ಅದನ್ನು ಉಲ್ಲೇಖಿಸತೊಡಗಿದರು. ಹಾಗೆ ಯಾರಾದರೂ ಉಲ್ಲೇಖಿಸಿದಾಗಲೆಲ್ಲ ನಾನು ಅಕ್ಕನಿಗೆ ಫೋನ್ ಮಾಡುತ್ತಿದ್ದೆ.

“ಅಂದ್ರ ನೀ ಬರದಿದ್ದು ಅವರು ಓದ್ಯಾರ ಅಂದಂಗಾತು,” ಎಂದು ಅವಳು ಹಿಗ್ಗುತ್ತಿದ್ದಳು.

ಅಕ್ಕನನ್ನು ಬೋನಾಳದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಅವಳು ಹೋದಾಗ ಅಲ್ಲಿ ಸಜ್ಜೆ, ಜೋಳ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಕಾಲುವೆ ಬಂದ ಮೇಲೆ ನೆಲ್ಲು ಬಂತು. ಅಂದಿನಿಂದ ಅವಳು ಗದ್ದೆಯ ಕೆಸರಿನಲ್ಲೇ ಉಳಿದಳು.

ಒಂದು ಸುಗ್ಗಿ ಮುಗಿದ ಮೇಲೆ ಭಾವ ಫೋನ್ ಮಾಡಿದರು. “ನಿಮ್ಮಕ್ಕಗ ಏಳಾಕ ಆಗವಲ್ದು. ಬೆನ್ನು ಹಿಡದದ ಅಂತಾಳ.”

ನಾನೇ ಕಲಬುರಗಿಯ ಆ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಬೇಕೆಂದಾಗ ಅಕ್ಕ ಬಹಳ ಹೊತ್ತು ಸೆರಗು ಬಿಡಲಿಲ್ಲ. ಬಿಟ್ಟಾಗ ಕಂಡಿತು. ಎಡ ಎದೆಯ ಗಂಟು ಒಡೆದು ಹುಣ್ಣಾಗಿತ್ತು. ಅದರ ಮೇಲೆ ಅರಿಶಿನ ಹಚ್ಚಿ ಹಳೇ ಸೀರೆಯ ತುಂಡು ಕಟ್ಟಿಕೊಂಡಿದ್ದಳು. ರೋಗ ಬೆನ್ನೆಲುಬಿಗೆ ಇಳಿದಿದೆ, ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು.

ಹೊರಗಿನ ಬೇವಿನ ನೆರಳಿಗೆ ಅವಳನ್ನು ಕೂರಿಸಿ ಕೇಳಿದೆ. “ಯಾವಾಗಿಂದ ಅದ ಅಕ್ಕಾ?”

“ಹೋದ ವರ್ಷ ಕಾಲುವಿಗಿ ನೀರು ಬಿಟ್ಟಾಗ ಕೈಗಿ ಹತ್ತಿತ್ತು. ಸಣ್ಣದಿತ್ತು.”

“ನನಗರ ಹೇಳಬಾರದೇನು? ನಾ ಮಾಡೂದು ಇದೇ ಕೆಲಸ ಅಲ್ಲೇನು?”

“ಅದಕ್ಕೇ ಹೇಳಲಿಲ್ಲವ್ವಾ. ಈ ರೋಗ ಇದ್ದೋರ ಸಂಗಟ ಮಾತಾಡಿ ಬಂದು, ಆಕಿ ಉಳೀಲಿಲ್ಲ, ಈಕಿ ಉಳೀಲಿಲ್ಲ ಅಂತ ಫೋನಿನ್ಯಾಗ ಹೇಳತಿದ್ದಿ. ನನಗ ಅಂಜಿಕಿ ಹೊಕ್ಕಿತು.”

ಹೆಂಗಸರು ರೋಗ ಮುಚ್ಚಿಡಲು ನಾಚಿಕೆ, ಗಂಡನ ಭಯ, ಹೊಲದ ಕೆಲಸ ಹೀಗೆ ಎಷ್ಟೋ ಕಾರಣಗಳನ್ನು ನಾನು ಬರೆದಿದ್ದೆ. ಇದೊಂದು ಎಲ್ಲಿಯೂ ಇರಲಿಲ್ಲ. ಅಕ್ಕ ನನ್ನ ಕೈ ಸವರಿ ಕೇಳಿದಳು. “ನನ್ನೂ ಬರೀತಿಯೇನು?”

“ಇಲ್ಲ.”

“ಬರೀಬ್ಯಾಡ. ಅವರೆಲ್ಲಾ ಓದತಾರ.”

ನೋವು ಇಳಿಯಲೆಂದು, ಊರವರು ಕರೆಂಟ್ ಎನ್ನುವ ರೇಡಿಯೇಷನ್ ಕೊಡಿಸಿ ಊರಿಗೆ ಕರೆತಂದೆವು. ಅಷ್ಟರಲ್ಲಿ ಕಾಲುವೆಗೆ ಮತ್ತೆ ನೀರು ಬಿಟ್ಟಿದ್ದರು. ಊರಿನ ಹೆಂಗಸರೆಲ್ಲ ಸಸಿ ಹಚ್ಚಲು ಹೋಗುತ್ತಿದ್ದರು. ಅಕ್ಕ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿ ಅವರ ಮಾತು ಕೇಳುತ್ತಿದ್ದಳು.

“ಇಷ್ಟೆಲ್ಲಾ ಓದಿದಿ, ಇದಕ್ಕ ಏನರ ಮದ್ದು ಅದ ಅಂತ ಯಾರರ ಬರದಾರೇನು?” ಎಂದು ಭಾವ ಕೇಳಿದರು.

“ಇಲ್ರಿ ಭಾವ. ಈ ಹಂತಕ್ಕ ಇಲ್ಲ.”

ಅವರು ಮರುದಿನ ತಿಂಥಣಿಗೆ ಹೋಗಿ ಮೌನೇಶ್ವರನಿಗೆ ಹರಕೆ ಹೊತ್ತು ಬಂದರು. ತಂದ ಭಸ್ಮವನ್ನು ಅಕ್ಕನ ಹಣೆಗೆ ಹಚ್ಚಿದರು. ಆ ವಾರ ನನ್ನ ಲೇಖನವನ್ನು ಮತ್ತಾರೋ ಉಲ್ಲೇಖಿಸಿದ ಸುದ್ದಿ ಫೋನಿಗೆ ಬಂತು. ಅಕ್ಕನಿಗೆ ಹೇಳಲಿಲ್ಲ. ಅವಳೂ ಕೇಳಲಿಲ್ಲ. ನೆಲ್ಲು ತೆನೆ ಕಟ್ಟುವ ಮೊದಲೇ ಅವಳು ಹೋದಳು.

ಕೆಲವು ತಿಂಗಳ ನಂತರ ಪ್ರಿನ್ಸಿಪಾಲರು, ಅಕ್ಕ ಹೋದಾಗಿನಿಂದ ನಿಲ್ಲಿಸಿದ್ದ ಸಂಶೋಧನೆ ಮುಂದುವರಿಸಿ ಎಂದರು. ಒಂದು ದಿನ ಕಲಬುರಗಿಯ ಅದೇ ದವಾಖಾನೆಗೆ ಹೋದೆ. ಮುದನಾಳದ ಕಡೆಯ ಹೆಂಗಸೊಬ್ಬಳು ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. “ಕುಂಡ್ರಿ ಅಕ್ಕಾರ. ನಿಮಗೂ ಇದೇ ಏನ್ರಿ?” ಎಂದಳು. ಇಲ್ಲವೆಂದು ತಲೆಯಾಡಿಸಿ ಅವಳ ಪಕ್ಕ ಕೂತೆ. ಒಂದು ಪ್ರಶ್ನೆಯನ್ನೂ ಕೇಳಲಾಗಲಿಲ್ಲ. ಅವಳ ಚೀಟಿಯ ನಂಬರು ಕೂಗಿದಾಗ ಅವಳು ಒಳಗೆ ಹೋದಳು. ನಾನು ಎದ್ದು ಯಾದಗಿರಿ ಬಸ್ ಹತ್ತಿದೆ.