ಎಡಗೈಯ ತಂಬಿಟ್ಟು

ಚಮಚದಲ್ಲಿ ರಾಗಿಮುದ್ದೆ ತಿನ್ನಲು ಹೊರಟವನು ಇಡೀ ಮಧುಗಿರಿಯಲ್ಲಿ ನಾನೊಬ್ಬನೇ ಇರಬೇಕು. ಬೇರೆ ಯಾರಾದರೂ ಆ ಸಾಹಸಕ್ಕೆ ಕೈಹಾಕಿದ್ದರೆ ದಯವಿಟ್ಟು ತಿಳಿಸಿ, ಇಬ್ಬರೂ ಸೇರಿ ಒಂದು ಸಂಘ ಕಟ್ಟೋಣ. ಮುದ್ದೆ ಚಮಚಕ್ಕೆ ಬಗ್ಗುವ ಜಾತಿಯದ್ದಲ್ಲ. ಚಮಚ ಒಳಗೇನೋ ಹೋಗುತ್ತದೆ, ಎಳೆದರೆ ಇಡೀ ಮುದ್ದೆಯೇ ಎದ್ದು ಬರುತ್ತದೆ. ಹಾಗೆ ಎದ್ದು ಬಂದದ್ದು ಬಸ್ಸಾರಿನ ಸಮೇತ ನನ್ನ ಬಿಳಿ ಪಂಚೆಯ ಮೇಲೆ ಇಳಿದಾಗ ನನ್ನ ಹೆಂಡತಿ ಸರೋಜ ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಪಾಪ, ಅಳುವುದಕ್ಕೆ ಹೋದಳು ಅಂದುಕೊಂಡೆ. ನಗುವುದಕ್ಕೆ ಹೋಗಿದ್ದಳು.

ಆಗಿದ್ದಿಷ್ಟು. ಯುಗಾದಿ ಕಳೆದ ವಾರವೇ ನನಗೆ ಲಕ್ವ ಹೊಡೆಯಿತು. ಕಾಲು ಮೂರು ತಿಂಗಳಿಗೆ ದಾರಿಗೆ ಬಂತು. ಬಾಯಿ ಅದಕ್ಕೂ ಮುಂಚೆ ಬಂತು, ಅದರಲ್ಲಿ ಆಶ್ಚರ್ಯವಿಲ್ಲ. ಹೊಳವನಹಳ್ಳಿಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಬಾಯಿ ಅದು. ಬಲಗೈ ಮಾತ್ರ ಬರಲೇ ಇಲ್ಲ. ಭುಜದಿಂದ ಸುಮ್ಮನೆ ಜೋತುಬಿದ್ದಿತ್ತು. ಡಾಕ್ಟರು ನನ್ನ ಬೆನ್ನು ತಟ್ಟಿ, "ಇನ್ನು ಎಲ್ಲಾನೂ ಎಡಗೈಯಲ್ಲೇ ಮಾಡೋದು ಕಲೀರಿ ಸಾರ್" ಅಂದರು. ಅಂಗಿ ಬದಲಾಯಿಸಿ ಅಂದಷ್ಟೇ ಸಲೀಸಾಗಿ ಹೇಳಿಬಿಟ್ಟರು.

ನಮ್ಮ ಕಡೆ ಎಡಗೈಗೆ ಬೆಳಗ್ಗೆ ಒಂದೇ ಒಂದು ಕೆಲಸ. ಅದಾದ ಮೇಲೆ ದಿನವಿಡೀ ಅದು ಹಿಂದೆ ಸರಿದು ಕೂತಿರಬೇಕು. ಉಣ್ಣುವುದು, ಕೊಡುವುದು, ಈಸಿಕೊಳ್ಳುವುದು, ಕುಂಕುಮ ಇಡುವುದು ಎಲ್ಲ ಬಲಗೈಯ ಹಕ್ಕು. ಈ ಕಾನೂನನ್ನು ಜಾರಿಗೆ ತಂದವರಲ್ಲಿ ನಾನೂ ಒಬ್ಬ ಎಂದು ತಪ್ಪೊಪ್ಪಿಕೊಳ್ಳುತ್ತೇನೆ. ಎಡಗೈಯಲ್ಲಿ ಬಳಪ ಹಿಡಿದ ಎಷ್ಟು ಮಕ್ಕಳ ಗೆಣ್ಣಿಗೆ ಸ್ಕೇಲಿನಲ್ಲಿ ತಟ್ಟಿದ್ದೇನೋ! ಈಗ ಸರೋಜ ಎರಡು ಗೆರೆಯ ಕಾಪಿ ಪುಸ್ತಕ ತಂದು ನನ್ನ ಮುಂದಿಟ್ಟು, "ಬರೀರಿ. ನಿಮ್ಮ ಥರ ಹೊಡೆಯಲ್ಲ, ಹೆದರ್ಕೋಬೇಡಿ" ಅಂದಳು. ನಾನು ಬರೆದ ಅ ನೋಡಿ ಮೊಮ್ಮಗಳು "ತಾತಾ, ಇದು ಆಮೆನಾ?" ಅಂತ ಕೇಳಿದಳು. ಎರಡು ತಿಂಗಳಲ್ಲಿ ಆಮೆ ಅಕ್ಷರವಾಯಿತು, ಮುದ್ದೆಯೂ ಎಡಗೈಗೆ ಒಗ್ಗಿತು. ಆದರೆ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆ. ಯಾರಾದರೂ ಬಂದರೆ "ಈಗ ತಾನೇ ಊಟ ಆಯ್ತು" ಎಂದು ಹಸಿದ ಹೊಟ್ಟೆಯಲ್ಲೇ ಹಲ್ಲುಕಿರಿಯುತ್ತಿದ್ದೆ.

ಮಲಗಿದಲ್ಲೇ ಗೋಡೆಯ ಕ್ಯಾಲೆಂಡರು ನೋಡುತ್ತ ಒಂದಷ್ಟು ಸಂಶೋಧನೆಯನ್ನೂ ಮಾಡಿದೆ. ವಿಷ್ಣು ಶಂಖ ಹಿಡಿದಿರುವುದು ಎಡಗೈಯಲ್ಲಿ. ಅರ್ಧನಾರೀಶ್ವರನ ಎಡಭಾಗವೆಲ್ಲ ಪಾರ್ವತಿಯೇ, ಆ ತಾಯಿ ವರ ಕೊಡಬೇಕಾದರೆ ಯಾವ ಕೈಯಿಂದ ಕೊಡಬೇಕು? ಈ ವಾದ ನನಗೆ ಬಹಳ ಹಿಡಿಸಿತು, ಆದರೆ ಧೈರ್ಯ ಮಾತ್ರ ಬರಲಿಲ್ಲ. ದೇವತೆಗಳಿಗೆ ನಾಲ್ಕು ಕೈ. ಒಂದು ಹೋದರೂ ಮೂರು ಉಳಿಯುತ್ತವೆ. ನನ್ನದು ಹಾಗಲ್ಲವಲ್ಲ.

ಅಷ್ಟರಲ್ಲಿ ಕಾರ್ತೀಕ ಬಂತು. ನಾವು ಕುರಿ, ದನ ಸಾಕಿಕೊಂಡು ಬಂದ ಜನ. ಕಡೇ ಸೋಮವಾರ ಸಿರಾ ಕಡೆಯ ನಮ್ಮ ಹಟ್ಟಿಯಲ್ಲಿ ಎಲ್ಲರೂ ಸೇರಿ ಮನೆದೇವರಿಗೆ ಮೀಸಲು ಹಾಲು, ತಂಬಿಟ್ಟಿನ ಎಡೆ ಇಡುತ್ತೇವೆ. ಎಡೆ ಇಡುವವನು ಮನೆಯ ಹಿರಿಯ ಮಗ. ಪೂಜೆಯಾದ ಮೇಲೆ ಎಲ್ಲರ ಅಂಗೈಗೂ ತಂಬಿಟ್ಟು ಹಾಕುವವನೂ ಅವನೇ. ಅಪ್ಪ ಹೋದ ಮೇಲೆ ಆ ಕೆಲಸ ನನ್ನದಾಗಿತ್ತು. ಮೇಷ್ಟ್ರುಗಿರಿಗಿಂತ ಅದರ ಮೇಲೇ ನನಗೆ ಹೆಚ್ಚು ಜಂಬ. ಒಂದು ಸಲ ತಮ್ಮನಿಗೆ ಬಿಟ್ಟುಕೊಟ್ಟರೆ ಅದು ಮತ್ತೆ ನನಗೆ ಬರುವುದಿಲ್ಲ, ಗೊತ್ತು. ಆದರೂ ಹಿಂದಿನ ಸಂಜೆ ಹಟ್ಟಿಗೆ ಹೋಗಿ, ಹಸು ಕರೆಯುತ್ತ ಕೂತಿದ್ದ ಅವ್ವನಿಗೆ ಹೇಳಿಬಿಟ್ಟೆ: "ಅವ್ವಾ, ಈ ಸಲದಿಂದ ತಮ್ಮನೇ ಎಡೆ ಇಡ್ಲಿ. ಎಡಗೈಲಿ ದೇವ್ರಿಗೆ ಹೆಂಗೆ ಇಡೋದು?"

ಅವ್ವನಿಗೆ ಎಂಬತ್ತು ದಾಟಿದೆ. ಮಂಡಿಗಳ ನಡುವೆ ಚೆಂಬು ಇಟ್ಟುಕೊಂಡು ಎರಡೂ ಕೈಯಲ್ಲಿ ಕರೆಯುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ, ತಿರುಗಿ ನೋಡಲೂ ಇಲ್ಲ.

"ಲೇ, ನಾನು ಹಾಲು ಎಂಗ್ಲಾ ಕರೀತಾ ಇವ್ನಿ?"

"ಎರಡೂ ಕೈಲಿ."

"ಎಡಗೈಲಿ ಕರ್ದಿದ್ ಹಾಲ ಬ್ಯಾರೆ ಚೆಂಬ್ನಾಗೆ ಇಕ್ಕಿವ್ನೇನ್ಲಾ? ಅರವತ್ ವರ್ಸದಿಂದ ಸ್ವಾಮಿ ಇದೇ ಹಾಲೇ ಕುಡೀತಾ ಅವ್ನೆ. ಒಂದಿನಾನೂ ಬ್ಯಾಡ ಅಂದಿಲ್ಲ. ಅವ್ನ ಪರವಾಗಿ ಬ್ಯಾಡ ಅನ್ನಾಕೆ ನೀನ್ಯಾವನ್ಲಾ?"

"ದೇವ್ರಿರ್ಲಿ ಅವ್ವಾ, ಬೀಗರು ಏನಂತಾರೆ?"

"ದ್ಯಾವ್ರೇ ಒಪ್ಕಂಡ್ ಮ್ಯಾಕೆ ಬೀಗ್ರ ಮಾತ್ ಬುಡು."

ಕ್ಯಾಲೆಂಡರಿನಲ್ಲಿ ನಾನು ಆರು ತಿಂಗಳು ಹುಡುಕಿದ್ದ ಉತ್ತರ ನಮ್ಮ ಕೊಟ್ಟಿಗೆಯಲ್ಲೇ ನೊರೆಯೇಳುತ್ತಿತ್ತು. ಅಳು ಬಂತು, ಅತ್ತುಬಿಟ್ಟೆ. ಹಸು ಒಮ್ಮೆ ನನ್ನನ್ನು ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ಆದರೆ ಬೀಗರನ್ನು ಬಿಡುವುದು ಅಷ್ಟು ಸುಲಭವಲ್ಲ. ನನ್ನ ಮಗಳ ಮಾವ ಪಾವಗಡದ ಆಚೆ ರಾಯಚರ್ಲಿನವರು, ಮನೆಮಾತು ತೆಲುಗು. ಹೊಲವನ್ನು ಸೋಲಾರಿನವರಿಗೆ ಗುತ್ತಿಗೆಗೆ ಕೊಟ್ಟಿದ್ದರೂ ಪದ್ಧತಿಯನ್ನು ಯಾರಿಗೂ ಗುತ್ತಿಗೆಗೆ ಕೊಟ್ಟವರಲ್ಲ. ಎಡಗೈಯಲ್ಲಿ ಟಿಕೆಟ್ ಕೊಟ್ಟ ಕಂಡಕ್ಟರನ ಜೊತೆ ಸಿರಾ ಬರುವವರೆಗೂ ಜಗಳ ಆಡಿದವರು ಅಂತ ಮಗಳೇ ಹೇಳಿದ್ದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರೆ ಅಷ್ಟೂ ಜನರ ಮುಂದೆ ನನ್ನ ಕಥೆ ಮುಗಿಯಿತು, ತಂಬಿಟ್ಟಿನ ತಟ್ಟೆ ತಮ್ಮನಿಗೆ ಕೊಟ್ಟು ಹಿಂದೆ ಸರಿಯಬೇಕು.

ಸೋಮವಾರ ತಲೆಮೇಲೆ ನೀರು ಹುಯ್ದುಕೊಂಡು ಮನೆದೇವರನ್ನಿಟ್ಟ ಪೆಟ್ಟಿಗೆಯ ಮುಂದೆ ಕೂತೆ. ಎಡಗೈಯಲ್ಲೇ ಹಾಲು ಇಟ್ಟೆ, ಹಣ್ಣು ಇಟ್ಟೆ, ತಂಬಿಟ್ಟು ಇಟ್ಟೆ. ಅವ್ವ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಸ್ವಾಮಿಯ ಹೆಸರು ಹೇಳಿದಳು. ಆಕಾಶ ಬೀಳಲಿಲ್ಲ, ದೀಪವೂ ಆರಲಿಲ್ಲ. ಸರೋಜ ತಟ್ಟೆ ಹಿಡಿದು ಜೊತೆಗೆ ಬಂದಳು. ಮೊದಲ ಪ್ರಸಾದ ಬೀಗರಿಗೇ ಹೋಗಬೇಕು, ಹಿರಿಯರು.

ನನ್ನ ಎಡಗೈ ತಂಬಿಟ್ಟು ಹಿಡಿದು ಅವರ ಮುಂದೆ ನಿಂತಿತು. ಅವರು ಕೈ ನೋಡಿದರು, ಮುಖ ನೋಡಿದರು, ಮತ್ತೆ ಕೈ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಎಡಗೈಯ ಮೇಲೆ ಬಲಗೈ ಇಟ್ಟು ಬೊಗಸೆ ಮಾಡಿ ಚಾಚಿದರು. ತಂಬಿಟ್ಟು ಬಿತ್ತು. ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು, ಎಳ್ಳು ಕಡಲೆಯ ಲೆಕ್ಕ ಹಿಡಿಯುವವರಂತೆ ನಿಧಾನವಾಗಿ ಅಗಿದರು. ನಾನು ಮುಂದಿನವರ ಕಡೆ ಹೊರಳಬೇಕು, ಅಷ್ಟರಲ್ಲಿ ಬೊಗಸೆ ಮತ್ತೆ ನನ್ನ ಮುಂದೆ ಬಂತು.

"ಬಾವಗಾರೂ, ಬಾಗುಂದಿ. ಇಂಕಾ ಕೊಂಚೆಂ ಪೆಟ್ಟಂಡಿ!"

ಚೆನ್ನಾಗಿದೆಯಂತೆ, ಇನ್ನೂ ಸ್ವಲ್ಪ ಹಾಕಬೇಕಂತೆ! ಹಟ್ಟಿಯೆಲ್ಲ ಗೊಳ್ಳೆಂದು ನಕ್ಕಿತು. ಅವ್ವನಂತೂ ಎಲ್ಲರಿಗಿಂತ ಜೋರು. ಬೆಟ್ಟ ಹತ್ತಿ ಬಂದವನ ಹಾಗೆ ನನ್ನ ಎದೆ ಉಬ್ಬಿಹೋಗಿತ್ತು.

ಎಡೆಯ ಪ್ರಸಾದವನ್ನು ಒಬ್ಬರಿಗೇ ಎರಡು ಸಲ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಾಕಿದೆ. ಪದ್ಧತಿ ಅಂದರೂ ಅಷ್ಟೇ ಅಲ್ಲವೇ, ಯಾರೋ ಒಬ್ಬರು ಒಂದು ದಿನ ಧೈರ್ಯ ಮಾಡಿ ಕೈ ಚಾಚಿದ್ದು, ಇನ್ನೊಬ್ಬರು ಹಾಕಿದ್ದು.